ಮಂಚದುದ್ದದ ಎಂಜಿನ್ನು, ಅದರ ಬೆನ್ನಿಗೆ ಎಷ್ಟು ಜನ?

ಒಂದು ಪಂದ್ಯ ಕಟ್ಟೋಣವೇ?

ನಿಮ್ಮ ಮುಂದೆ ಒಂದು ಉಗಿ ಎಂಜಿನ್ನು ನಿಂತಿದೆ ಅಂದುಕೊಳ್ಳಿ. ಆಟಿಕೆಯಲ್ಲ! ಶೋಕೇಸಿನಲ್ಲಿಡುವ ಬೊಂಬೆಯೂ ಅಲ್ಲ! ಹೊಟ್ಟೆಯಲ್ಲಿ ನಿಜವಾದ ಕಲ್ಲಿದ್ದಲು ನಿಗಿನಿಗಿ ಉರಿಯುತ್ತಿದೆ. ನಿಜವಾದ ನೀರು ಕುದಿಯುತ್ತಿದೆ. ನಿಜವಾದ ಹೊಗೆ ಏಳುತ್ತಿದೆ. ಆದರೆ ಅದರ ಚಿಮಣಿಯ ತುದಿ ನಿಮ್ಮ ಮೊಣಕಾಲಿಗೂ ಬರುವುದಿಲ್ಲ. ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯನ್ನು, ಅಂದರೆ ಟೆಂಡರನ್ನು ಸೇರಿಸಿದರೂ ಉದ್ದ ಒಂದು ಮಂಚದಷ್ಟು. ಎರಡು ಹಳಿಗಳ ನಡುವಿನ ಅಂತರ ಒಂದು ಗೇಣೂ ಇಲ್ಲ. ಬರೀ 5 ಇಂಚು!

ಅದರ ಹಿಂದೆ ಬೆಂಚಿನಂಥ ಗಾಡಿಗಳನ್ನು ಕಟ್ಟಿದ್ದಾರೆ. ಈಗ ಹೇಳಿ, ಎಷ್ಟು ಜನ ಹತ್ತಬಹುದು? ಮಕ್ಕಳಲ್ಲ. ಊಟ ಮುಗಿಸಿ ಬಂದ ಗಟ್ಟಿಮುಟ್ಟಾದ ದೊಡ್ಡವರು!

ಒಬ್ಬರು? ಇಬ್ಬರು? ಮೂವರು ಅಂದರೆ ಹೆಚ್ಚಾಯಿತೇ?

ನಿಮ್ಮ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದರ ಪಕ್ಕದಲ್ಲೇ ಇನ್ನೊಂದು ಊಹೆ ಬರೆಯಿರಿ. ಅಷ್ಟು ಜನರನ್ನು ಕೂರಿಸಿಕೊಂಡು ಅರ್ಧ ಗಂಟೆ ಓಡಲು ಇದಕ್ಕೆ ಕಲ್ಲಿದ್ದಲು ಎಷ್ಟು ಬೇಕು? ಒಂದು ಚೀಲವೇ? ಒಂದು ಬಕೆಟ್ಟೇ?

ಎರಡಕ್ಕೂ ಉತ್ತರ ಇದೆ. ಹೇಳುತ್ತೇನೆ. ಈಗಲೇ ಅಲ್ಲ!

ಇಂಥ ಎಂಜಿನ್ನುಗಳ ತವರು ಇಂಗ್ಲೆಂಡ್. ಅಲ್ಲಿನ ಎಷ್ಟೋ ಊರುಗಳಲ್ಲಿ ಮಾಡೆಲ್ ಎಂಜಿನಿಯರುಗಳ ಸಂಘಗಳಿವೆ. ನಿವೃತ್ತ ಮೇಷ್ಟರು, ಗಡಿಯಾರ ರಿಪೇರಿಯವರು, ಡಾಕ್ಟರರು, ಫಿಟ್ಟರುಗಳು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಐದು ವರ್ಷ, ಹತ್ತು ವರ್ಷ ಕೂತು ಒಂದೊಂದು ಎಂಜಿನ್ನು ಕಡೆಯುತ್ತಾರೆ. ಬೇಸಿಗೆಯ ಭಾನುವಾರ ಬಂತೆಂದರೆ ಅದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಪಾರ್ಕಿನ ಹಳಿಗೆ ತರುತ್ತಾರೆ. ಹೌದು, ಕಾರಿನ ಡಿಕ್ಕಿಯಲ್ಲಿ ರೈಲು!

ಸರಿ, ಎತ್ತಿ ಇಳಿಸಬೇಕಲ್ಲ? ತೂಕ ಎಷ್ಟಿರಬಹುದು?

ಲೆಕ್ಕಕ್ಕೆ ಹೆಸರುವಾಸಿಯಾದ ಎಂಜಿನ್ನನ್ನೇ ತೆಗೆದುಕೊಳ್ಳೋಣ. 'ಫ್ಲೈಯಿಂಗ್ ಸ್ಕಾಟ್ಸ್‌ಮನ್'! 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದದ್ದು, ನೈಜೆಲ್ ಗ್ರೆಸ್ಲಿಯ ವಿನ್ಯಾಸ. 1934ರಲ್ಲಿ ಗಂಟೆಗೆ 100 ಮೈಲಿ ಓಡಿ ದಾಖಲೆ ಬರೆದದ್ದು. ಟೆಂಡರ್ ಬಿಟ್ಟು ಎಂಜಿನ್ನೊಂದರದೇ ತೂಕ ಸುಮಾರು 98 ಟನ್. 5 ಇಂಚಿನ ಹಳಿಗೆ ಇಳಿಸಬೇಕಾದರೆ ಎಲ್ಲ ಅಳತೆಗಳನ್ನೂ ಸುಮಾರು 11.3ರಿಂದ ಭಾಗಿಸಬೇಕು.

98 ಟನ್ ಭಾಗಿಸು 11. ಎಂಟೂವರೆ ಟನ್ನೋ ಒಂಬತ್ತು ಟನ್ನೋ ಬಂತೇ?

ತಪ್ಪು!

68 ಕಿಲೋ! ಟನ್ ಅಲ್ಲ, ಕಿಲೋ!

ನಂಬಿಕೆ ಬರದಿದ್ದರೆ ಅಡುಗೆಮನೆಗೆ ಬನ್ನಿ. ಚೌಕವಾದ ಒಂದು ಮೈಸೂರು ಪಾಕಿನ ತುಂಡು ತೆಗೆದುಕೊಳ್ಳಿ. ಉದ್ದಕ್ಕೆ ಅರ್ಧ ಮಾಡಿ. ಅಗಲಕ್ಕೆ ಅರ್ಧ ಮಾಡಿ. ದಪ್ಪಕ್ಕೂ ಅರ್ಧ ಮಾಡಿ. ತಟ್ಟೆಯಲ್ಲಿ ಎಷ್ಟು ತುಂಡು? ಎಂಟು! ಅಳತೆ ಅರ್ಧವಾದರೆ ತೂಕ ಎಂಟನೇ ಒಂದು. ಹಾಗೆಯೇ ಅಳತೆ 11.3ರಲ್ಲಿ ಒಂದು ಪಾಲಾದರೆ ತೂಕ ಸುಮಾರು 1,440ನೇ ಒಂದು! ತೊಂಬತ್ತೆಂಟು ಟನ್ನಿನ ದೈತ್ಯ ಒಬ್ಬ ಮನುಷ್ಯನಷ್ಟು ಹಗುರವಾಗಿಬಿಟ್ಟ. ಹಿಂದೆ ಕೂತು ಓಡಿಸುವ ಚಾಲಕನೇ ಎಂಜಿನ್ನಿಗಿಂತ ಭಾರ ಇರಬಹುದು!

ಹಾಗಾದರೆ ಬಲವೂ 1,440ನೇ ಒಂದಕ್ಕೆ ಇಳಿಯಿತು ಅಂತೀರಾ?

ಇಲ್ಲ! ಇಲ್ಲೇ ಇರುವುದು ಮಜಾ!

ಎಂಜಿನ್ನಿನ ತೋಳ್ಬಲ ಇರುವುದು ಸಿಲಿಂಡರಿನಲ್ಲಿ. ಒಳಗಿನ ಪಿಸ್ಟನ್ನಿನ ಮುಖವನ್ನು ಉಗಿ ನೂಕುತ್ತದೆ. ಆ ಮುಖ ಎಷ್ಟು ಅಗಲವೋ ನೂಕು ಅಷ್ಟು. ಮುಖಕ್ಕೆ ಉದ್ದ, ಅಗಲ ಎರಡೇ. ದಪ್ಪದ ಮಾತಿಲ್ಲ. ಅಂದರೆ ತೂಕ 1,440 ಪಾಲು ಇಳಿದರೆ ಬಲ ಇಳಿಯುವುದು ಬರೀ 128 ಪಾಲು!

ಈಗ ಅಂಕಿ ನೋಡಿ. ದೊಡ್ಡ ಎಂಜಿನ್ನಿನ ಎಳೆತ ಸುಮಾರು 15 ಟನ್. ಉಗಿಯ ಒತ್ತಡ ಚದರ ಇಂಚಿಗೆ 220 ಪೌಂಡ್. ಪುಟ್ಟದರ ಬಾಯ್ಲರಿಗೆ ಅಷ್ಟೊಂದು ಒತ್ತಡ ಕೊಡುವುದಿಲ್ಲ, 90ರ ಆಸುಪಾಸು ಸಾಕು. ಅಷ್ಟು ಕಡಿಮೆ ಒತ್ತಡದಲ್ಲೂ ಲೆಕ್ಕಕ್ಕೆ ಬರುವ ಎಳೆತ ಎಷ್ಟು ಗೊತ್ತೇ?

48 ಕಿಲೋ! ತನ್ನ ಮೈತೂಕದ ಮುಕ್ಕಾಲು ಪಾಲಿಗೆ ಹತ್ತಿರ! ದೊಡ್ಡಣ್ಣನ ಎಳೆತ ಅವನ ತೂಕದ ಆರನೇ ಒಂದು ಪಾಲೂ ಇಲ್ಲ!

ಪುಟ್ಟದೇ ಜಟ್ಟಿ! ಕುಗ್ಗಿಸಿದಷ್ಟೂ ಜಟ್ಟಿ!

ಆದರೆ ಇರಿ. ಖುಷಿಪಟ್ಟು, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಹಿಡಿಯನ್ನು ಪೂರ್ತಿ ಎಳೆದುಬಿಟ್ಟೀರಿ! ಹಾಗೆ ಮಾಡಿದರೆ ಏನಾಗುತ್ತದೆ? ಎಂಜಿನ್ನು ಚಂಗನೆ ಹಾರುತ್ತದೆಯೇ?

ಒಂದಿಂಚೂ ಕದಲುವುದಿಲ್ಲ! ಚಕ್ರಗಳು ಮಾತ್ರ ನಿಂತಲ್ಲೇ ಗಿರ್ರನೆ ತಿರುಗುತ್ತವೆ. ಚಿಮಣಿ ಬಡಬಡ ಬಡಬಡ ಅನ್ನುತ್ತದೆ. ಹಿಂದೆ ಕೂತವರು ಕೂತಲ್ಲೇ!

ಯಾಕೆ? ಜಟ್ಟಿಯನ್ನು ತಂದು ಎಣ್ಣೆ ಸುರಿದ ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿ ಹಗ್ಗ ಎಳೆಸಿ ನೋಡಿ. ತೋಳಿನಲ್ಲಿ ಆನೆಯ ಬಲವಿದ್ದರೂ ಪಾದಕ್ಕೆ ನೆಲ ಸಿಗಬೇಡವೇ? ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಒಣಗಿದ್ದರೆ, ಪಿಸ್ಟನ್ನು ತಿರುಗಿಸುವ ಚಾಲಕ ಚಕ್ರಗಳ ಮೇಲೆ ಬಿದ್ದ ತೂಕದ ನಾಲ್ಕನೇ ಒಂದು ಪಾಲಿನಷ್ಟು ಹಿಡಿತ ಸಿಗುತ್ತದೆ, ಅಷ್ಟೇ. ನಮ್ಮ ಪುಟಾಣಿಯ 68 ಕಿಲೋದಲ್ಲಿ ಚಾಲಕ ಚಕ್ರಗಳ ಪಾಲು 47 ಕಿಲೋ. ನಾಲ್ಕರಿಂದ ಭಾಗಿಸಿ. ಸುಮಾರು 12!

ತೋಳಿನಲ್ಲಿ 48. ಪಾದದಲ್ಲಿ 12. ನಾಲ್ಕು ಪಟ್ಟು ವ್ಯತ್ಯಾಸ!

ದೊಡ್ಡ ಎಂಜಿನ್ನಿನಲ್ಲಿ ಗ್ರೆಸ್ಲಿ ಎಷ್ಟು ಅಚ್ಚುಕಟ್ಟಾಗಿ ತೂಗಿಸಿದ್ದರು ನೋಡಿ. ತೋಳಿನಲ್ಲಿ 15 ಟನ್, ಪಾದದಲ್ಲಿ 17 ಟನ್ನಿನ ಆಸುಪಾಸು. ಜೋಡಿ ಸರಿಹೋಯಿತು. ಅದೇ ನಕ್ಷೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಕುಗ್ಗಿಸಿದರೆ ತೂಗು ತಪ್ಪುತ್ತದೆ! ಅದಕ್ಕೇ ಅನುಭವಸ್ಥರು ಏನು ಮಾಡುತ್ತಾರೆ ಗೊತ್ತೇ? ಎಂಜಿನ್ನನ್ನು ಹಗುರ ಮಾಡುವುದಿಲ್ಲ. ಸಂದುಗೊಂದುಗಳಲ್ಲಿ ಸೀಸದ ತುಂಡುಗಳನ್ನು ತುಂಬಿ ಬೇಕಂತಲೇ ಭಾರ ಮಾಡುತ್ತಾರೆ! ಸಿಲಿಂಡರನ್ನು ಲೆಕ್ಕಕ್ಕಿಂತ ಸಪೂರವಾಗಿಯೇ ಕೊರೆಯುತ್ತಾರೆ!

ದೊಡ್ಡ ರೈಲಿನಲ್ಲಿ ಚಕ್ರ ಜಾರಿದರೆ ಹಳಿಯ ಮೇಲೆ ಮರಳು ಉದುರಿಸುವುದುಂಟು. ಇಲ್ಲಿ ಅದೂ ನಡೆಯದು. ಮರಳಿನ ಕಾಳು ಹನ್ನೊಂದು ಪಾಲು ಸಣ್ಣದಾಗುತ್ತದೆಯೇ? ಪುಟ್ಟ ಚಕ್ರಕ್ಕೆ ಅದು ಜಲ್ಲಿಕಲ್ಲು! ಹಳಿಯ ಮೇಲೆ ಒಂದು ಒದ್ದೆ ಎಲೆ ಬಿದ್ದಿದ್ದರೆ ಸಾಕು, ಎರಡು ತೊಟ್ಟು ಎಣ್ಣೆ ಸೋರಿದ್ದರೆ ಸಾಕು, ಚಾಲಕ ಇಳಿದು ಹಳಿ ಒರೆಸಬೇಕು.

ಅಯ್ಯೋ, ಬರೀ 12 ಕಿಲೋ ಹಿಡಿತವೇ! ಅದರಲ್ಲಿ ಏನು ಎಳೆದೀತು ಅಂದಿರಾ?

ನಿಮ್ಮ ಚೀಟಿ ತೆಗೆಯಿರಿ. ಮೊದಲ ಉತ್ತರದ ಹೊತ್ತು ಬಂತು!

ಬಾಲ್ ಬೇರಿಂಗ್ ಹಾಕಿದ ಒಳ್ಳೆಯ ಗಾಡಿ ನೇರವಾದ, ಸಮತಟ್ಟಾದ ಹಳಿಯ ಮೇಲೆ ಉರುಳುವುದಕ್ಕೆ ಕೇಳುವುದು ತನ್ನ ಭಾರದ ನೂರನೇ ಒಂದು ಪಾಲಿನ ಎಳೆತ! ನೂರು ಕಿಲೋ ಉರುಳಿಸಲು ಒಂದು ಕಿಲೋ! ಎಂಜಿನ್ನು ತನ್ನನ್ನು ತಾನು ಉರುಳಿಸಿಕೊಳ್ಳಲು ಒಂದಿಷ್ಟು ಕಳೆಯಿರಿ. ಉಳಿದದ್ದು 11 ಕಿಲೋ. ನೂರರಿಂದ ಗುಣಿಸಿ.

1,100 ಕಿಲೋ! ಒಂದು ಟನ್ನಿಗೂ ಮೇಲೆ! ಗಾಡಿಗಳ ತೂಕ ಕಳೆದರೂ ಹನ್ನೆರಡು ಜನ ಆರಾಮಾಗಿ ಕೂರಬಹುದು!

ಹನ್ನೆರಡು! ಅಂಗಾತ ಮಲಗಿದರೆ ಒಬ್ಬ ಮನುಷ್ಯನಷ್ಟು ಉದ್ದ, ಒಬ್ಬ ಮನುಷ್ಯನಷ್ಟು ತೂಕದ ಯಂತ್ರ ಹನ್ನೆರಡು ಮನುಷ್ಯರನ್ನು ಎಳೆಯುತ್ತದೆ! ಸೀಸ ತುಂಬಿ ಭಾರ ಮಾಡಿದ್ದರೆ ಇನ್ನೂ ಹೆಚ್ಚು!

ಆದರೆ ಪಾರ್ಕಿನ ನೆಲ ಎಲ್ಲಿ ಪೂರ್ತಿ ಸಮತಟ್ಟಾಗಿರುತ್ತದೆ? ನೂರು ಅಡಿಗೆ ಒಂದೇ ಒಂದು ಅಡಿ ಏರು ಇದೆಯೆನ್ನಿ. ಕಣ್ಣಿಗೆ ಕಾಣುವಂಥದ್ದೂ ಅಲ್ಲ, ನಡೆದರೆ ಕಾಲಿಗೆ ತಿಳಿಯುವಂಥದ್ದೂ ಅಲ್ಲ. ಎಷ್ಟು ಜನ ಇಳಿಯಬೇಕಾದೀತು?

ಅರ್ಧಕ್ಕರ್ಧ! ಆರು ಜನ ಇಳಿದು ನಡೆಯಬೇಕು! ಉರುಳಲು ನೂರಕ್ಕೆ ಒಂದು, ಹತ್ತಲು ನೂರಕ್ಕೆ ಇನ್ನೊಂದು. ಕಣ್ಣಿಗೆ ಕಾಣದ ಏರು ಎಂಜಿನ್ನಿಗೆ ಶಿರಾಡಿ ಘಾಟಿ!

ಇಳಿಜಾರು ಇನ್ನೂ ಸೋಜಿಗ! ನಿಲ್ಲಿಸುವುದಕ್ಕೂ ಬೇಕಾದದ್ದು ಅದೇ ಚಕ್ರದ ಹಿಡಿತ ತಾನೇ? ಅದೇ 12 ಕಿಲೋ! ಹಿಂದಿನಿಂದ ಒಂದು ಟನ್ ಜನ ನೂಕಿಕೊಂಡು ಬರುತ್ತಿರುವಾಗ 68 ಕಿಲೋ ಎಂಜಿನ್ನು ಕಾಲೂರಿ ನಿಂತೀತೇ? ಅದಕ್ಕೇ ಬ್ರೇಕ್ ಇರುವುದು ಜನ ಕೂತ ಗಾಡಿಗಳಲ್ಲಿ!

ಇಷ್ಟೆಲ್ಲ ಈಗ ಲೆಕ್ಕ ಹಾಕಿ ಹೇಳುವುದು ಸುಲಭ. ನೂರು ವರ್ಷದ ಹಿಂದೆ ಇದನ್ನು ಬಲ್ಲವರೇ ನಂಬುತ್ತಿರಲಿಲ್ಲ!

1922. ಲಂಡನ್ನಿನ 'ಮಾಡೆಲ್ ಎಂಜಿನಿಯರ್' ಪತ್ರಿಕೆ. ಅದರ ಪುಟಗಳಲ್ಲಿ ದೊಡ್ಡ ಜಗಳ. ಇಷ್ಟು ಸಣ್ಣ ಎಂಜಿನ್ನಿನಲ್ಲಿ ಕಲ್ಲಿದ್ದಲು ಉರಿಯುವುದಿಲ್ಲ, ಸ್ಪಿರಿಟ್ ದೀಪವೇ ಗತಿ ಅಂತ ಒಂದು ಪಾಳಯ. ಇನ್ನೊಂದು ಪಾಳಯದಲ್ಲಿ 'ಎಲ್‌ಬಿಎಸ್‌ಸಿ' ಎಂಬ ಕಾವ್ಯನಾಮದ ಒಬ್ಬಾತ. ತಾನು ಪ್ರೀತಿಸಿದ ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳನ್ನೇ ಹೆಸರು ಮಾಡಿಕೊಂಡವನು! ಕರ್ಲಿ ಲಾರೆನ್ಸ್ ಅಂತ ಕರೆಯುತ್ತಿದ್ದರು. ಅವನ ವಾದ ಒಂದೇ. ದೊಡ್ಡ ಎಂಜಿನ್ನಿನಲ್ಲಿರುವಂಥ ಬಾಯ್ಲರ್, ದೊಡ್ಡ ಎಂಜಿನ್ನಿನಲ್ಲಿ ಹಾಕುವಂಥ ಕಲ್ಲಿದ್ದಲು, ಅದೇ ಇಲ್ಲೂ ನಡೆಯುತ್ತದೆ!

ಅವನ ಎಂಜಿನ್ನಿನ ಹೆಸರು 'ಆಯೇಷಾ'. ಹಳಿಯ ಅಗಲ ಎಷ್ಟು ಗೊತ್ತೇ? ಎರಡೂವರೆ ಇಂಚು! ನಾವು ಇಷ್ಟು ಹೊತ್ತು ಮಾತಾಡಿದ್ದರ ಅರ್ಧ!

ಆ ಅಳತೆಗೆ ಇಳಿಸಿದರೆ 70 ಟನ್ನಿನ ಎಂಜಿನ್ನು ಲೆಕ್ಕಕ್ಕೆ ಎಷ್ಟಾಗುತ್ತದೆ? ಕೂತು ಗುಣಿಸಿದೆ. ಬಂದದ್ದು ನೋಡಿ ಇನ್ನೊಮ್ಮೆ ಗುಣಿಸಿದೆ. 6 ಕಿಲೋ! ಚಾಲಕ ಚಕ್ರಗಳ ಮೇಲೆ ನಾಲ್ಕು ಕಿಲೋ ಬಿದ್ದರೆ ಹಿಡಿತ ಒಂದು ಕಿಲೋ. ಒಂದು ಕಿಲೋ ಎಳೆತಕ್ಕೆ ಉರುಳುವುದು ನೂರು ಕಿಲೋ. ನೂರು ಕಿಲೋ ಅಂದರೆ ಒಂದು ಗಾಡಿ, ಅದರ ಮೇಲೆ ಒಬ್ಬ ಮನುಷ್ಯ!

1924ರಲ್ಲಿ ಲಂಡನ್ನಿನಲ್ಲಿ ಎರಡೂ ಬಗೆಯ ಎಂಜಿನ್ನುಗಳನ್ನು ಜನರೆದುರು ಪರೀಕ್ಷೆಗೆ ಇಳಿಸಿದರು. 'ಬಾಯ್ಲರುಗಳ ಕದನ' ಅಂತಲೇ ಅದಕ್ಕೆ ಹೆಸರು ಬಿತ್ತು. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದಷ್ಟು ಚಿಕ್ಕ ಆಯೇಷಾ ಕಲ್ಲಿದ್ದಲು ತಿಂದು, ಉಗಿ ಬಿಟ್ಟು, ಜೀವಂತ ಮನುಷ್ಯನನ್ನು ಎಳೆದೇಬಿಟ್ಟಳು! ಜಗಳ ಮುಗಿಯಿತು. ಲಾರೆನ್ಸ್ ಮುಂದೆ ಸುಮಾರು ನಾಲ್ಕು ದಶಕ ಕಾಲ, ಯಾರು ಬೇಕಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಎಂಜಿನ್ನುಗಳ ನಕ್ಷೆ ಬರೆದು ಹಂಚಿದ. ಈಗಲೂ ಹಿತ್ತಲ ಶೆಡ್ಡುಗಳಲ್ಲಿ ಹೊಸಬರು ಕೈಹಚ್ಚುವುದು ಎಷ್ಟೋ ಸಲ ಅವನ 'ಟಿಚ್' ಎಂಬ ಮರಿ ಎಂಜಿನ್ನಿಗೇ!

ಬನ್ನಿ, ಈಗ ನೀವೇ ಓಡಿಸಿ. ಟೆಂಡರಿನ ಹಿಂದಿನ ಗಾಡಿಯ ಮೇಲೆ ಕಾಲು ಚಾಚಿ ಕೂತುಕೊಳ್ಳಿ.

ಮೊದಲು ಬೆಂಕಿ. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು ಹಾಕಿ ಹಚ್ಚಿ. ಒಲೆ ಊದಲು ಊದುಕೊಳವೆ ಬೇಕಲ್ಲ? ಇಲ್ಲಿ ಅದು ಉಲ್ಟಾ! ಚಿಮಣಿಯ ಬಾಯಿಗೆ ಒಂದು ಪುಟ್ಟ ವಿದ್ಯುತ್ ಫ್ಯಾನ್ ಕೂರಿಸಿ ಮೇಲಿನಿಂದ ಹೊಗೆ ಹೀರುತ್ತಾರೆ. ಬೆಂಕಿ ಭಗ್ಗನೆ ಏಳುತ್ತದೆ. ಇಪ್ಪತ್ತು ನಿಮಿಷದೊಳಗೆ ಉಗಿ ರೆಡಿ! ದೊಡ್ಡ ಎಂಜಿನ್ನಿಗಾದರೆ ಹಿಂದಿನ ರಾತ್ರಿಯಿಂದಲೇ ಕಾಯಬೇಕು.

ಒಮ್ಮೆ ಓಡತೊಡಗಿದರೆ ಫ್ಯಾನ್ ಬೇಡ. ಸಿಲಿಂಡರಿನಲ್ಲಿ ದುಡಿದು ಮುಗಿದ ಉಗಿ ಚಿಮಣಿಯಿಂದ ಹಾರುವಾಗ ತನ್ನ ಜೊತೆ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಬೆಂಕಿಗೆ ಗಾಳಿ ನುಗ್ಗುತ್ತದೆ. ಏರು ಬಂತು, ಉಗಿ ಜೋರಾಗಿ ಹಾರಿತು, ಬೆಂಕಿ ತಾನಾಗಿ ಜೋರಾಯಿತು! ಹೆಚ್ಚು ಕೆಲಸ ಕೊಟ್ಟಷ್ಟೂ ಹೆಚ್ಚು ಉರಿ! ಇಂಥ ಜಾಣ ಒಲೆ ನಮ್ಮ ಯಾವ ಅಡುಗೆಮನೆಯಲ್ಲಿದೆ?

ಬೆಂಕಿಗೂಡಿನ ಬಾಗಿಲು ನೋಡಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸಲಿಕೆ ಅಂದರೆ ಒಂದು ಚಮಚ. ಕಲ್ಲಿದ್ದಲಿನ ತುಂಡು ಅವರೆಕಾಳಿನಷ್ಟು! ಎರಡು ಚಮಚ ಹಾಕಿ ಬಾಗಿಲು ಮುಚ್ಚಿ. ಅತ್ತಿತ್ತ ನೋಡಬೇಡಿ! ಹಾಲು ಕಾಯಿಸಲಿಟ್ಟವರ ಹಾಗೆ ಕಣ್ಣು ಅಲ್ಲೇ ಇರಬೇಕು. ಇಲ್ಲಿ ಬೆಂಕಿ ನಂದುವುದೂ ನಿಮಿಷಗಳಲ್ಲಿ, ನೀರು ತೀರುವುದೂ ನಿಮಿಷಗಳಲ್ಲಿ.

ಯಾಕಿಷ್ಟು ಅವಸರ? ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ಬೆಳಗ್ಗೆ ಕಾಸಿದ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಅದೇ ಹಂಡೆಯಿಂದ ಒಂದು ಲೋಟ ತೆಗೆದಿಡಿ, ಹತ್ತು ನಿಮಿಷಕ್ಕೆ ತಣ್ಣಗೆ! ಸಣ್ಣದಾದಷ್ಟೂ ಒಡಲು ಕಡಿಮೆ, ಮೈ ಜಾಸ್ತಿ. ನಮ್ಮ ಪುಟಾಣಿಗೆ ಒಡಲಿನ ಲೆಕ್ಕದಲ್ಲಿ ದೊಡ್ಡದರ ಹನ್ನೊಂದು ಪಟ್ಟು ಮೈ! ಬಿಸಿ ಎಲ್ಲ ಕಡೆಯಿಂದ ಸೋರಿಹೋಗುತ್ತದೆ. ಬಾಯ್ಲರಿನಲ್ಲಿ ಬುಸುಗುಟ್ಟುತ್ತಿದ್ದ ಉಗಿ ತಣ್ಣಗಿನ ಸಿಲಿಂಡರಿಗೆ ಕಾಲಿಟ್ಟ ಕೂಡಲೇ ನೀರಾಗಿಬಿಡುತ್ತದೆ!

ಆ ನೀರು ಹುಡುಗಾಟವಲ್ಲ. ಉಗಿಯನ್ನು ಒತ್ತಿದರೆ ಮುದುಡುತ್ತದೆ. ನೀರು ಮುದುಡುವುದಿಲ್ಲ. ಪಿಸ್ಟನ್ನು ಬಂದು ಗುದ್ದಿದರೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು! ಅದಕ್ಕೇ ಹೊರಡುವ ಮುಂಚೆ ಸಿಲಿಂಡರಿನ ಕೆಳಗಿನ ಪುಟ್ಟ ನಲ್ಲಿಗಳನ್ನು ತೆರೆದಿಡಬೇಕು. ಚುಸ್ಸ್ ಅಂತ ಎರಡೂ ಬದಿಗೆ ಬಿಳಿ ಮೋಡ ಹಾರುತ್ತದಲ್ಲ, ನಾವು ಸಿನಿಮಾದಲ್ಲಿ ನೋಡಿ ಖುಷಿಪಟ್ಟದ್ದು, ಅದು ಇದೇ! ಉಳಿದ ನೀರು ಎಣ್ಣೆಯ ಜೊತೆ ಕಲೆತು ಚಿಮಣಿಯಿಂದ ಕಪ್ಪು ಮಳೆಯಾಗಿ ನಿಮ್ಮ ಮುಖಕ್ಕೇ ಬೀಳುತ್ತದೆ. ಟೋಪಿ ಹಾಕಿಕೊಂಡಿದ್ದೀರಿ ತಾನೇ?

ಈಗ ನೀರಿನ ಮಟ್ಟ ನೋಡಿ. ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ ನಿಂತಿದೆ. ಅದರಲ್ಲಿ ನೀರು ಎಷ್ಟೆತ್ತರವೋ ಒಳಗೂ ಅಷ್ಟೆತ್ತರ. ಅರ್ಧ ಇದೆ. ನಿಶ್ಚಿಂತೆ!

ಇಲ್ಲ! ಕೊಳವೆ ಸುಳ್ಳು ಹೇಳುತ್ತಿರಬಹುದು!

ಅದರ ತೂತು ಬರೀ ಮೂರ್ನಾಲ್ಕು ಮಿಲಿಮೀಟರ್. ಅಷ್ಟು ಸಪೂರ ಗಾಜಿನಲ್ಲಿ ನೀರು ಗೋಡೆಗೆ ಅಂಟಿಕೊಳ್ಳುತ್ತದೆ. ನಡುವೆ ಒಂದು ಗುಳ್ಳೆ ಸಿಕ್ಕಿಕೊಂಡರೆ ಅದರ ಮೇಲಿನ ನೀರು ಅಲ್ಲೇ ತೂಗಾಡುತ್ತ ನಿಂತುಬಿಡುತ್ತದೆ. ಒಳಗೆ ನೀರು ಇಳಿದೇ ಹೋಗಿರುತ್ತದೆ, ಕೊಳವೆ ಮಾತ್ರ ಇನ್ನೂ ಅರ್ಧ ಅನ್ನುತ್ತಿರುತ್ತದೆ! ಎಂಜಿನ್ನನ್ನು ಹನ್ನೊಂದು ಪಾಲು ಕುಗ್ಗಿಸಬಹುದು, ನೀರಿನ ಅಂಟನ್ನು ಯಾರು ಕುಗ್ಗಿಸಬಲ್ಲರು? ಆದ್ದರಿಂದ ಆಗಾಗ ಕೆಳಗಿನ ನಲ್ಲಿ ತೆರೆದು ಕೊಳವೆಯನ್ನು ಪೂರ್ತಿ ಖಾಲಿ ಮಾಡಿ, ನೀರು ಮತ್ತೆ ಎಲ್ಲಿಗೆ ಏರುತ್ತದೆ ಅಂತ ನೋಡಬೇಕು. ಇದನ್ನು ಮಾತ್ರ ಮರೆಯಲೇಬಾರದು. ನೀರು ಇಳಿದು ಬೆಂಕಿಗೂಡಿನ ನೆತ್ತಿ ಬರಿದಾದರೆ ತಾಮ್ರ ಕಾದು ಮೆತ್ತಗಾಗುತ್ತದೆ. ಅಲ್ಲಿಗೆ ವರ್ಷಗಳ ದುಡಿಮೆ ಹೋಯಿತು.

ತಾಮ್ರವೇ? ಹೌದು! ದೊಡ್ಡ ಬಾಯ್ಲರಿನ ಮೈ ಉಕ್ಕು. ಪುಟ್ಟದ್ದು ನಮ್ಮ ಹಂಡೆಯ ಹಾಗೆ ತಾಮ್ರ! ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಅಂಗುಲ ದಪ್ಪದ ತಗಡಿನಲ್ಲಿ ಒಂದು ಮಿಲಿಮೀಟರ್ ತುಕ್ಕು ತಿಂದರೆ ಲೆಕ್ಕಕ್ಕಿಲ್ಲ. ಮೂರು ಮಿಲಿಮೀಟರ್ ತಗಡಿನಲ್ಲಿ ತಿಂದರೆ? ತುಕ್ಕಿಗೂ ಕುಗ್ಗುವುದು ಗೊತ್ತಿಲ್ಲ! ತಾಮ್ರದ ತಗಡುಗಳನ್ನು ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸುತ್ತಾರೆ. ಕೂಡಿಸಿದ ಮೇಲೆ ಪರೀಕ್ಷೆ. ಎರಡು ಪಟ್ಟು ಒತ್ತಡ! ಅದೂ ಉಗಿಯಿಂದಲ್ಲ, ತಣ್ಣೀರಿನಿಂದ. ಯಾಕೆ ಹೇಳಿ? ಮುದುಡದ ನೀರು ಚಿಮ್ಮುವುದೂ ಇಲ್ಲ! ಎಲ್ಲಾದರೂ ಬಿರುಕು ಬಿಟ್ಟರೆ ನಾಲ್ಕು ಹನಿ ಸೋರಿ ಸುಮ್ಮನಾಗುತ್ತದೆ. ಅದೇ ಉಗಿಯೋ ಗಾಳಿಯೋ ಆಗಿದ್ದರೆ ಬಾಂಬು!

ಬಾಯ್ಲರಿನ ಒಳಗೂ ಒಂದು ಬೆರಗಿದೆ. ದೊಡ್ಡದರಲ್ಲಿ ಬೆಂಕಿಯ ಬಿಸಿ ಹಾಯಲು ನೂರಕ್ಕೂ ಹೆಚ್ಚು ಕೊಳವೆಗಳು. ಅವನ್ನು ಹಾಗೆಯೇ ಕುಗ್ಗಿಸಿದರೆ ಒಂದೊಂದೂ ಐದು ಮಿಲಿಮೀಟರ್. ಮಸಿ ಕಟ್ಟಿ ಅರ್ಧ ದಿನಕ್ಕೆ ಉಸಿರುಗಟ್ಟುತ್ತದೆ. ಹೊಗೆಗೂ ಮಸಿಗೂ ನುಗ್ಗಲು ಜಾಗ ಬೇಕು. ಅದಕ್ಕೆ ಕೊಳವೆಗಳ ಸಂಖ್ಯೆ ಇಳಿಸಿ, ಅಳತೆಗೆ ಮೀರಿ ದಪ್ಪ ಮಾಡುತ್ತಾರೆ. ಹೊರಗಿನಿಂದ ತದ್ರೂಪ, ಒಳಗೆ ಬೇರೆಯೇ ಜೀವಿ!

ನೀರು ಇಳಿಯುತ್ತಿದೆ. ತುಂಬಿಸಬೇಕು. ಈಗ ಕೇಳುವ ಪ್ರಶ್ನೆಗೆ ಉತ್ತರ ಹೊಳೆದರೆ ನಿಮಗೆ ಶಾಭಾಸ್!

ಬಾಯ್ಲರಿನೊಳಗೆ ಉಗಿ ಒತ್ತುತ್ತಿದೆ. ಆ ಒತ್ತಡದ ವಿರುದ್ಧ ನೀರನ್ನು ಒಳಗೆ ನೂಕಬೇಕು. ಪಂಪು ಬಳಸುವಂತಿಲ್ಲ. ಕೈಯಿಂದಲೂ ಅಲ್ಲ. ಬಳಸಬಹುದಾದ್ದು ಅದೇ ಬಾಯ್ಲರಿನ ಅದೇ ಉಗಿ. ತನ್ನ ಮನೆಯ ಬಾಗಿಲನ್ನು ಒಳಗಿಂದ ತಾನೇ ಅದುಮಿ ಹಿಡಿದವನು ಅದೇ ಬಾಗಿಲನ್ನು ಹೊರಗಿಂದ ತಳ್ಳಿ ತೆರೆದ ಹಾಗೆ! ಸಾಧ್ಯವೇ?

ಸಾಧ್ಯ! ಚಲಿಸುವ ಒಂದೇ ಒಂದು ಭಾಗವಿಲ್ಲದೆಯೂ ಸಾಧ್ಯ! 1858ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಕಂಡುಹಿಡಿದ ಇಂಜೆಕ್ಟರ್ ಇದನ್ನು ಮಾಡುತ್ತದೆ. (ಇದೇ ಜಿಫಾರ್ 1852ರಲ್ಲಿ ಉಗಿ ಎಂಜಿನ್ನು ಕಟ್ಟಿದ ಬಲೂನಿನಲ್ಲಿ ಪ್ಯಾರಿಸ್ಸಿನಿಂದ ಹಾರಿದವನು. ಎಂಥ ತಲೆ!) ಉಗಿ ಒಂದು ಸಣ್ಣ ಶಂಕುವಿನಿಂದ ಭರ್ರನೆ ನುಗ್ಗುತ್ತದೆ. ತಣ್ಣೀರಿಗೆ ತಾಗಿ ತಾನೂ ನೀರಾಗುತ್ತದೆ. ಆದರೆ ಆ ಓಟದ ರಭಸ ಎಲ್ಲಿಗೆ ಹೋಗಬೇಕು? ಪೂರ್ತಿ ನೀರಿನ ಧಾರೆಗೆ ಇಳಿಯುತ್ತದೆ. ಸೂಜಿಯಂಥ ಆ ಧಾರೆ ಬಾಯ್ಲರಿನ ಬಾಗಿಲನ್ನು ಗುದ್ದಿ ತೆರೆದು ಒಳನುಗ್ಗುತ್ತದೆ!

ಪುಟ್ಟ ಎಂಜಿನ್ನಿನ ಇಂಜೆಕ್ಟರ್ ನಿಮ್ಮ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಶಂಕುವಿನ ತೂತು ಒಂದು ಮಿಲಿಮೀಟರಿಗೂ ಕಡಿಮೆ! ಒಂದು ಕೂದಲು ಸಿಕ್ಕಿಕೊಂಡರೆ ಮುನಿಸು. ಸುಣ್ಣದ ಪೊರೆ ಕಟ್ಟಿದರೆ ಮುನಿಸು, ವಿನಿಗರಿನಲ್ಲಿ ನೆನೆಸಿಟ್ಟು ಸಮಾಧಾನ ಮಾಡಬೇಕು. ಟೆಂಡರಿನ ನೀರು ಬಿಸಿಲಿಗೆ ಬೆಚ್ಚಗಾದರೂ ಮುನಿಸು, ಯಾಕೆಂದರೆ ಬೆಚ್ಚನೆ ನೀರಿನಲ್ಲಿ ಉಗಿ ಪೂರ್ತಿ ನೀರಾಗುವುದಿಲ್ಲ. ಆಗ ಚಾಲಕ ಒಂದು ಒದ್ದೆ ಬಟ್ಟೆ ತಂದು, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ, ಇಂಜೆಕ್ಟರಿಗೆ ಸುತ್ತುತ್ತಾನೆ. ಒಂದು ಕ್ಷಣ. ಚೀರ್ ಅಂತ ಸಣ್ಣ ಸದ್ದು. ಹಿಡಿಯಿತು!

ಹೊರಡೋಣ. ರೆಗ್ಯುಲೇಟರನ್ನು ಕೂದಲೆಳೆಯಷ್ಟು ಎಳೆಯಿರಿ. ಛುಕ್. ಇನ್ನೊಂದು. ಛುಕ್. ಹನ್ನೆರಡು ಜನರ ಭಾರ ನಿಮ್ಮ ಬೆನ್ನಿಗೆ ತಾಗಿದ್ದು ತಿಳಿಯುತ್ತದೆ. ಕೊಂಡಿಗಳು ಒಂದೊಂದಾಗಿ ಬಿಗಿಯುತ್ತವೆ. ಉರುಳಿತು!

ವೇಗ? ಮಲ್ಲಾರ್ಡ್ ಎಂಬ ಎಂಜಿನ್ನು 1938ರಲ್ಲಿ ಗಂಟೆಗೆ 126 ಮೈಲಿ ಮುಟ್ಟಿತು. ಉಗಿ ಎಂಜಿನ್ನುಗಳ ವಿಶ್ವದಾಖಲೆ. ನಮ್ಮ ಅಳತೆಗೆ ಇಳಿಸಿದರೆ ಅದು ಗಂಟೆಗೆ 18 ಕಿಲೋಮೀಟರ್. ಅಂಗಡಿಗೆ ಸೈಕಲ್ ತುಳಿಯುವ ವೇಗ! ಚಪ್ಪೆ ಅನ್ನಿಸಿತೇ? ಚಕ್ರ ನೋಡಿ! ಮಲ್ಲಾರ್ಡಿನ ಚಕ್ರ ಆಳೆತ್ತರಕ್ಕೂ ಮೇಲೆ, 80 ಇಂಚು. ನಮ್ಮದು 7 ಇಂಚು. ಸೈಕಲ್ ವೇಗದಲ್ಲಿ ಈ ಏಳಿಂಚಿನ ಚಕ್ರ ಸೆಕೆಂಡಿಗೆ ಎಷ್ಟು ಸುತ್ತು ಹೊಡೆಯುತ್ತದೆ? ಸುಮಾರು 9! ದಾಖಲೆಯ ದಿನ ಮಲ್ಲಾರ್ಡಿನ ಚಕ್ರ ಹೊಡೆದದ್ದು? ಅದೂ ಸುಮಾರು 9! ನೀವು ಪಾರ್ಕಿನ ಹೂಗಿಡ ದಾಟುತ್ತಿದ್ದೀರಿ, ನಿಮ್ಮ ಮೊಣಕಾಲ ಮುಂದಿನ ಯಂತ್ರದ ಸರಳುಗಳು ವಿಶ್ವದಾಖಲೆಯ ತಾಳದಲ್ಲಿ ಕುಣಿಯುತ್ತಿವೆ!

ಅಷ್ಟು ಜೋರು ಬೇಡ. ಜನ ಕೂತಿದ್ದಾರೆ. ಗಂಟೆಗೆ 8 ಕಿಲೋಮೀಟರ್ ಸಾಕು. ಅರ್ಧ ಗಂಟೆಗೆ 4 ಕಿಲೋಮೀಟರ್.

ಈಗ ಕಲ್ಲಿದ್ದಲಿನ ಲೆಕ್ಕ. ಎರಡನೇ ಊಹೆ ನೆನಪಿದೆಯೇ?

ಬ್ರಿಟನ್ನಿನಲ್ಲಿ 1969ರಿಂದ ಇದಕ್ಕೆಂದೇ ಒಂದು ಸ್ಪರ್ಧೆ ನಡೆಯುತ್ತಿದೆ. ಐಎಂಎಲ್‌ಇಸಿ ಅಂತ. ಯಾರು ವೇಗ ಅಂತಲ್ಲ, ಯಾರು ಮಿತವ್ಯಯಿ ಅಂತ! ಪ್ರತಿಯೊಬ್ಬರಿಗೂ ಕಲ್ಲಿದ್ದಲನ್ನು ತೂಗಿ ಕೊಡುತ್ತಾರೆ. ಎಂಜಿನ್ನಿನ ಹಿಂದೆ ಅಳೆಯುವ ಗಾಡಿ ಕಟ್ಟುತ್ತಾರೆ. ಎಷ್ಟು ಜೋರಾಗಿ ಎಳೆಯಿತು, ಎಷ್ಟು ದೂರ ಎಳೆಯಿತು, ಎಲ್ಲ ಅದರಲ್ಲಿ ದಾಖಲು. ಅರ್ಧ ಗಂಟೆಯ ಹೊತ್ತು ಓಟ. ಕೊನೆಗೆ ಉಳಿದ ಕಲ್ಲಿದ್ದಲನ್ನು ಮತ್ತೆ ತೂಗುತ್ತಾರೆ. ಎಷ್ಟು ಜನರನ್ನು ಹತ್ತಿಸಿಕೊಳ್ಳುವುದು ಅಂತ ಚಾಲಕನೇ ನಿರ್ಧರಿಸಬೇಕು. ಆಸೆಪಟ್ಟು ಹೆಚ್ಚು ಕೂರಿಸಿದರೆ ಏರಿನಲ್ಲಿ ಚಕ್ರ ಜಾರಿ ಉಗಿ ಪೋಲು. ಕಡಿಮೆ ಕೂರಿಸಿದರೆ ಬೆಂಕಿ ಪೋಲು!

ಕಲ್ಲಿದ್ದಲಿನ ನೂರು ಪಾಲು ಶಕ್ತಿಯಲ್ಲಿ ಎಷ್ಟು ಪಾಲು ಎಳೆತಕ್ಕೆ ಬಂದರೆ ಒಳ್ಳೆಯ ಎಂಜಿನ್ನು ಅನ್ನುತ್ತಾರೆ, ಊಹಿಸಿ. ಐವತ್ತು? ಇಪ್ಪತ್ತು?

ಒಂದರಿಂದ ಎರಡು! ನೂರಕ್ಕೆ ತೊಂಬತ್ತೆಂಟು ಪಾಲು ಚಿಮಣಿಯಿಂದ, ಮೈಯಿಂದ ಗಾಳಿಪಾಲು!

ಹಾಗಾದರೆ ಬೇಕಾದಷ್ಟು ಕಲ್ಲಿದ್ದಲು ಸುರಿಯಬೇಕಲ್ಲ? ಲೆಕ್ಕ ಹಾಕಿ. ಹನ್ನೆರಡು ಜನ, 11 ಕಿಲೋ ಎಳೆತ, 4 ಕಿಲೋಮೀಟರ್, ನೂರಕ್ಕೆ ಒಂದೂವರೆ ಪಾಲು ಫಲ. ಡಬ್ಬಿ ತೆರೆದು ನೋಡೋಣ ಬನ್ನಿ.

ಒಂದು ಕಿಲೋ! ಹೆಚ್ಚುಕಡಿಮೆ ಒಂದೇ ಒಂದು ಕಿಲೋ! ಒಂದು ಸೇರಿನ ಡಬ್ಬಿಯಲ್ಲಿ ಹಿಡಿಸುವಷ್ಟು!

ಆ ಒಂದು ಕಿಲೋದಲ್ಲೂ ನಿಜವಾಗಿ ಎಳೆತಕ್ಕೆ ಬಂದದ್ದು ಒಂದೂವರೆ ಪಾಲು ಮಾತ್ರ, ನೆನಪಿದೆಯಲ್ಲ? ಅದನ್ನು ನಾವು ತಿನ್ನುವ ಆಹಾರದ ಕ್ಯಾಲೊರಿಗೆ ತಿರುಗಿಸಿ ನೋಡಿದೆ. ನೂರರ ಆಸುಪಾಸು ಬಂತು. ಹನ್ನೆರಡು ಜನರನ್ನು ನಾಲ್ಕು ಕಿಲೋಮೀಟರ್ ಕರೆದೊಯ್ದ ಅಷ್ಟೂ ಎಳೆತ ಎಲ್ಲಿ ಅಡಗಿತ್ತು ಗೊತ್ತೇ? ಸಾಧಾರಣ ಗಾತ್ರದ ಎರಡು ಇಡ್ಲಿಯಲ್ಲಿ!